ಹಜಾರದ ಮಾತು: ಪರದೇಶದಲ್ಲಿ ಕಾರೋ, ರೈಲೋ?



ಮಳೆಗಾಲಕ್ಕೆ ಮುಂಚೆ ಮನೆಯ ಸೂರನ್ನೂ ಗೋಡೆಗಳನ್ನೂ ನೋಡಿಕೊಳ್ಳುವ ವಿಚಾರವಾಗಿ ಈ ತಿಂಗಳು ಬರೆಯುವೆನೆಂದು ಕಳೆದ ಸಂಚಿಕೆಯಲ್ಲಿ ಮಾತು ಕೊಟ್ಟಿದ್ದೆನು. ಆ ಮಾತನ್ನು ಈ ಸಲ ನಡೆಸಲಾಗಲಿಲ್ಲ, ಮನ್ನಿಸಬೇಕು. ಅದಕ್ಕೆ ಕಾರಣ ನಮ್ಮ ಬೀದಿಯ ಕೊನೆಯ ಮನೆಯ ಮಿತ್ರರು. ಮೂರು ಸಂಜೆ ನಮ್ಮ ಹಜಾರದಲ್ಲಿ ಕುಳಿತು ಅವರು ಚರ್ಚಿಸಿದ ವಿಷಯವು ಇನ್ನೂ ಎಷ್ಟೋ ಮನೆಗಳಲ್ಲಿ ಚರ್ಚೆಯಾಗುತ್ತಿರಬಹುದೆಂದು ತೋರಿದುದರಿಂದ ಸೂರಿನ ಮಾತನ್ನು ಮುಂದಕ್ಕೆ ಹಾಕಿ ಇದನ್ನೇ ಬರೆಯುತ್ತಿದ್ದೇನೆ.

ಮಿತ್ರರು ಈಚೆಗೆ ನೌಕರಿಯಿಂದ ನಿವೃತ್ತರಾದವರು. ಸೆಪ್ಟೆಂಬರಿನಲ್ಲಿ ಸ್ವಿಟ್ಜರ್ಲೆಂಡಿಗೆ ಹನ್ನೆರಡು ದಿನದ ಪ್ರಯಾಣ. ಅವರು, ಅವರ ಮನೆಯವರು, ಅವರ ವಿಧವೆಯಾದ ಅಕ್ಕ. ಮೂವರೂ ಇದುವರೆಗೆ ದೇಶ ಬಿಟ್ಟು ಹೋದವರಲ್ಲ. ಅಕ್ಕನವರಿಗೆ ಎಪ್ಪತ್ತೊಂದು ವಯಸ್ಸು, ಮಂಡಿನೋವು, ಹಿಮವನ್ನು ಕಣ್ಣಾರೆ ಒಂದು ಸಲ ನೋಡಬೇಕೆಂದು ತಮ್ಮ ಪಿಂಚಣಿಯ ಉಳಿತಾಯವನ್ನು ತಮ್ಮನ ಕೈಗೆ ಕೊಟ್ಟಿದ್ದಾರೆ. ವೀಸಾದ ಕಾಗದಗಳು, ವಿಮೆ, ವಿಮಾನದ ಟಿಕೀಟು ಎಲ್ಲವೂ ಸಿದ್ಧವಾಗಿವೆ. ಉಳಿದಿರುವುದು ಒಂದೇ ಪ್ರಶ್ನೆ: ಅಲ್ಲಿ ಇಳಿದ ಮೇಲೆ ಬಾಡಿಗೆಯ ಕಾರನ್ನು ತೆಗೆದುಕೊಂಡು ತಾವೇ ನಡೆಸುವುದೋ, ರೈಲು ಬಸ್ಸುಗಳಲ್ಲಿ ಹೋಗುವುದೋ?

"ಮೂವತ್ತೆಂಟು ವರ್ಷ ಗಾಡಿ ಬಿಟ್ಟಿದ್ದೇನೆ, ರಾಯರೆ. ಆಗುಂಬೆಯ ತಿರುವುಗಳನ್ನು ಜಡಿಮಳೆಯಲ್ಲಿ ಇಳಿದಿದ್ದೇನೆ. ಒಂದು ಗೀರೂ ಬಿದ್ದಿಲ್ಲ. ಆ ದೇಶದ ನಯವಾದ ರಸ್ತೆಗೆ ಹೆದರಲೆ? ರೈಲಾದರೆ ಪೆಟ್ಟಿಗೆ ಹೊತ್ತುಕೊಂಡು ಅಕ್ಕನನ್ನು ಎಳೆದಾಡಬೇಕು" ಎಂದು ಅವರ ವಾದ.

ಅವರ ಮನೆಯವರು ಹಜಾರದಲ್ಲಿ ಏನನ್ನೂ ಹೇಳಲಿಲ್ಲ. ಒಳಗೆ ಹೋಗಿ ನನ್ನ ಹೆಂಡತಿಯೊಡನೆ ಹೇಳಿದರು: "ಇವರ ಕೈ ಚೆನ್ನಾಗಿದೆ, ನಾನು ಅಲ್ಲವೆನ್ನುವುದಿಲ್ಲ. ಆದರೆ ಅಲ್ಲಿ ಏನಾದರೂ ಆಯಿತೆನ್ನಿ. ಇವರು ಒಂದು ಆಸ್ಪತ್ರೆಯಲ್ಲಿ, ಅಕ್ಕ ಒಂದು ಆಸ್ಪತ್ರೆಯಲ್ಲಿ, ನಾನು ಯಾವ ಭಾಷೆಯಲ್ಲಿ ಯಾರನ್ನು ಕೇಳಲಿ? ಇದನ್ನು ಇವರೆದುರಿಗೆ ಹೇಳಿದರೆ ಅಪಶಕುನ ನುಡಿದಳೆನ್ನುತ್ತಾರೆ." ಈ ಮಾತು ಊಟದ ಹೊತ್ತಿಗೆ ನನಗೆ ಬಂದು ಮುಟ್ಟಿತು. ಹೀಗಾಗಿ, ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಸಂಗತಿಯನ್ನು ಮರುದಿನ ಮಿತ್ರರಿಗೆ ಹೇಳಬೇಕಾಯಿತು. ವಾಚಕರಿಗೂ ಹೇಳುತ್ತೇನೆ.

೨೦೧೮ರಲ್ಲಿ ನಾನೂ ನನ್ನ ಹೆಂಡತಿಯೂ ಮೊದಲ ಸಲ ಅದೇ ದೇಶಕ್ಕೆ ಹೋದೆವು. ಆಗ ನನಗೂ ಮಿತ್ರರಿಗಿರುವಷ್ಟೇ ಧೈರ್ಯವಿತ್ತು. ರಾತ್ರಿಯೆಲ್ಲ ವಿಮಾನದಲ್ಲಿ ನಿದ್ದೆಗೆಟ್ಟು ಬೆಳಗ್ಗೆ ಜ್ಯೂರಿಕ್‌ನಲ್ಲಿ ಇಳಿದು, ನಿಲ್ದಾಣದಲ್ಲಿಯೇ ಕಾರನ್ನು ಪಡೆದು ಹೊರಟೆನು. ಇದೇ ಮೊದಲ ತಪ್ಪು. ನಿದ್ದೆಯಿಲ್ಲದವನು ತನ್ನ ಊರಿನಲ್ಲಿಯೇ ಗಾಡಿ ನಡೆಸಬಾರದು. ಆ ದೇಶದಲ್ಲಿ ರಸ್ತೆಯ ಬಲಗಡೆಯಲ್ಲಿ ಸಂಚಾರ. ಚಕ್ರ ಹಿಡಿಯುವವನು ಕೂರುವುದು ಎಡಗಡೆ. ಗೇರು ಬದಲಾಯಿಸುವುದು ಬಲಗೈಯಿಂದ. ತಿರುವಿನ ದೀಪ ಹಾಕಲು ಕೈ ಆಡಿಸಿದರೆ ಗಾಜನ್ನು ಒರಸುವ ಕಡ್ಡಿ ಎದ್ದು ಬಿಸಿಲಿನಲ್ಲಿ ಆಡತೊಡಗುತ್ತದೆ. ಮೊದಲ ಗಂಟೆಯಲ್ಲಿ ನಾವಿಬ್ಬರೂ ಇದಕ್ಕೆ ನಕ್ಕೆವು.

ಹೆದ್ದಾರಿಯಲ್ಲಿ ತೊಂದರೆಯೇನೂ ಆಗಲಿಲ್ಲ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಿರುತ್ತಾರೆ; ಮುಂದಿನವನನ್ನು ಅನುಸರಿಸಿದರೆ ಆಯಿತು. ಹೊಸಬನು ತಪ್ಪುವುದು ಜನಸಂದಣಿಯಲ್ಲಿ ಅಲ್ಲ, ಖಾಲಿ ರಸ್ತೆಯಲ್ಲಿ. ಅದೂ ಒಂದು ಗಳಿಗೆ ವಿಶ್ರಾಂತಿ ಪಡೆದು ಮತ್ತೆ ಹೊರಡುವಾಗ. ಲೂಟ್ಸೆರ್ನ್ ದಾಟಿ, ೧೦೦೮ ಮೀಟರು ಎತ್ತರದ ಬ್ರ್ಯೂನಿಗ್ ಕಣಿವೆಯನ್ನು ಹತ್ತಿ ಇಳಿದು, ಬ್ರಿಯೆಂಟ್ಸ್ ಎಂಬ ಊರಿನ ಬಳಿ ಕಾಫಿಗೆಂದು ನಿಲ್ಲಿಸಿದೆವು. ಕಾಫಿಯಾದ ಮೇಲೆ ಅಂಗಳದಿಂದ ರಸ್ತೆಗೆ ಬಂದೆನು. ರಸ್ತೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಎಡಕ್ಕೆ ತಿರುಗಬೇಕಾಗಿತ್ತು, ತಿರುಗಿದೆನು, ನಲವತ್ತು ವರ್ಷದ ಅಭ್ಯಾಸ ನನ್ನ ಕೈಯನ್ನು ಹಿಡಿದು ಎಡಗಡೆಯಲ್ಲಿಯೇ ನಡೆಸಿತು. ಮನಸ್ಸಿಗೆ ಎಲ್ಲವೂ ಸರಿಯಾಗಿದೆಯೆಂದೇ ತೋರುತ್ತಿತ್ತು. ಒಂದು ತಿರುವು ದಾಟಿದಾಗ ಎದುರಿಗೆ ಹಳದಿ ಬಣ್ಣದ ಅಂಚೆಯ ಬಸ್ಸು ಬಂದಿತು, ನನ್ನ ನೇರಕ್ಕೆ.

ಆ ಚಾಲಕ ನಿಧಾನವಾಗಿ ಬರುತ್ತಿದ್ದುದರಿಂದ ಬಸ್ಸು ನಿಂತಿತು. ನಾನೂ ನಿಂತೆನು. ನಡುವೆ ಎರಡು ಮಾರು ಇದ್ದಿರಬಹುದು. ಅವನು ಬಯ್ಯಲಿಲ್ಲ, ಕಹಳೆಯನ್ನೂ ಊದಲಿಲ್ಲ. ಕೈಯೆತ್ತಿ ಆಚೆಯ ಬದಿಯನ್ನು ತೋರಿಸಿ ನಾನು ಹೋಗುವವರೆಗೆ ಕಾದನು. ಬಸ್ಸಿನ ಕಿಟಕಿಗಳಲ್ಲಿ ಶಾಲೆಯ ಮಕ್ಕಳು ಇದ್ದರು.

ಇಂಟರ್‌ಲಾಕೆನ್ ತಲಪುವವರೆಗೆ ನನ್ನ ಹೆಂಡತಿ ಮಾತಾಡಲಿಲ್ಲ. ರಾತ್ರಿ ಮಲಗುವ ಮುನ್ನ ಕೇಳಿದಳು: "ಆ ಸರೋವರದ ನೀರು ಯಾವ ಬಣ್ಣವಿತ್ತು?" ನಾನು ನೋಡಿರಲಿಲ್ಲ. ಆಕೆಯೂ ನೋಡಿರಲಿಲ್ಲ, ಆಕೆಯ ಕಣ್ಣು ದಾರಿಯುದ್ದಕ್ಕೂ ಭೂಪಟದ ಮೇಲೂ ನನ್ನ ಕೈಯ ಮೇಲೂ ಇತ್ತು. ಹದಿನಾಲ್ಕು ಕಿಲೋಮೀಟರು ಉದ್ದದ ಸರೋವರದ ದಡದಲ್ಲಿ ನಾವಿಬ್ಬರೂ ಅದನ್ನು ಕಾಣದೆ ಬಂದಿದ್ದೆವು.

ಮುಂದಿನ ಸಂಗತಿಯನ್ನು ಬೇಗ ಹೇಳಿಬಿಡುತ್ತೇನೆ. ಉಳಿದ ದಿನಗಳಲ್ಲಿ ಹೆಚ್ಚಿನವನ್ನು ರೈಲಿನಲ್ಲಿಯೇ ಕಳೆದೆವು. ಕಾರು ದಿನವೂ ಹಣ ಕೊಟ್ಟು ನಿಲ್ಲಿಸಿದಲ್ಲಿ ನಿದ್ದೆ ಮಾಡಿತು. ಊರಿಗೆ ಬಂದು ಎರಡು ತಿಂಗಳಾದ ಮೇಲೆ ಕಾಗದವೊಂದು ಬಂದಿತು. ಐವತ್ತು ಕಿಲೋಮೀಟರಿನ ಮಿತಿಯಿರುವ ಊರೊಳಗೆ ನಾನು ಐವತ್ತನಾಲ್ಕರಲ್ಲಿ ಹೋಗಿದ್ದೆನಂತೆ. ದಂಡ ೪೦ ಫ್ರಾಂಕು. ನನ್ನ ವಿಳಾಸವನ್ನು ಪೋಲೀಸಿನವರಿಗೆ ತಿಳಿಸಿದ ಶ್ರಮಕ್ಕಾಗಿ ಬಾಡಿಗೆಯ ಕಂಪೆನಿಯವರು ತೆಗೆದುಕೊಂಡುದು ದಂಡಕ್ಕಿಂತ ಹೆಚ್ಚು!

ಮಿತ್ರರು ಇದನ್ನೆಲ್ಲ ಕೇಳಿ, "ನಿಮ್ಮ ಕೈ ತಪ್ಪಿತು, ನನ್ನ ಕೈ ತಪ್ಪಬೇಕೆಂದೇನು?" ಎಂದರು. ನ್ಯಾಯವಾದ ಪ್ರಶ್ನೆ. ಆದುದರಿಂದ ಭಯದ ಮಾತನ್ನು ಬದಿಗಿಟ್ಟು, ಆ ದೇಶದ ಏರ್ಪಾಡನ್ನೇ ನೋಡೋಣವೆಂದು ಕಾಗದ ಪೆನ್ಸಿಲು ತಂದೆನು.

ಸ್ವಿಟ್ಜರ್ಲೆಂಡಿನ ಜನ ೧೮೯೮ರಲ್ಲಿ ಮತ ಹಾಕಿ ತಮ್ಮ ಮುಖ್ಯ ರೈಲುಮಾರ್ಗಗಳನ್ನು ರಾಷ್ಟ್ರದ ಸೊತ್ತನ್ನಾಗಿ ಮಾಡಿಕೊಂಡರು; ೧೯೦೨ರಿಂದ ಸರಕಾರದ ರೈಲುಗಳು ಓಡತೊಡಗಿದವು. ೧೯೮೨ರಲ್ಲಿ ಇನ್ನೊಂದು ಏರ್ಪಾಡು ದೇಶಾದ್ಯಂತ ಬಂದಿತು. ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ರೈಲು ಹೊರಡಬೇಕು. ಎಂಟು ಗಂಟೆ ಐದು ನಿಮಿಷಕ್ಕೆ ಒಂದು ರೈಲಿದ್ದರೆ ಒಂಬತ್ತು ಐದಕ್ಕೆ ಮತ್ತೊಂದು, ಹತ್ತು ಐದಕ್ಕೆ ಇನ್ನೊಂದು. ಈಗ ಅನೇಕ ಕಡೆ ಅರ್ಧ ಗಂಟೆಗೆ ಒಂದರಂತೆ ಇವೆ. ದೊಡ್ಡ ನಿಲ್ದಾಣಗಳಲ್ಲಿ ನಾನಾ ಕಡೆಯ ರೈಲುಗಳು ಹೆಚ್ಚು ಕಡಮೆ ಒಂದೇ ಹೊತ್ತಿಗೆ ಬಂದು ಸೇರಿ, ಜನ ಇಳಿದು ಹತ್ತಿದ ಮೇಲೆ ಚದುರುತ್ತವೆ. ನಮ್ಮ ಜಾತ್ರೆಗೆ ಸುತ್ತಣ ಹಳ್ಳಿಗಳ ಗಾಡಿಗಳು ಬಂದು ಹೋಗುವಂತೆ, ಆದರೆ ಗಂಟೆಗೊಮ್ಮೆ. ರೈಲು ಮುಗಿದಲ್ಲಿ ಅಂಚೆಯ ಬಸ್ಸು, ರಸ್ತೆ ಮುಗಿದಲ್ಲಿ ದೋಣಿ ಅಥವಾ ಹಗ್ಗದ ಬಂಡಿ. ಇವೆಲ್ಲಕ್ಕೂ ವೇಳೆಯ ಹೊಂದಾಣಿಕೆ ಇದೆ. ಹೀಗಿರುವುದರಿಂದ ಒಂದು ರೈಲು ತಪ್ಪಿದರೆ ಪ್ರಪಂಚ ಮುಳುಗುವುದಿಲ್ಲ. ಅಕ್ಕನವರು ನಿಧಾನವಾಗಿ ಕಾಫಿ ಮುಗಿಸಲಿ, ಮುಂದಿನದು ಬರುತ್ತದೆ.

ಈಗ ಕಾರಿನ ದಾರಿಯನ್ನು ನೋಡಿ. ಮಿತ್ರರ ಪಟ್ಟಿಯಲ್ಲಿ ಇಂಟರ್‌ಲಾಕೆನ್ನಿನಿಂದ ಜೆರ್ಮಾಟ್ ಎಂಬ ಊರಿಗೆ ಹೋಗುವುದಿತ್ತು. ಮ್ಯಾಟರ್‌ಹಾರ್ನ್ ಶಿಖರ ಕಾಣುವುದು ಅಲ್ಲಿಂದ. ಹತ್ತಿರದ ದಾರಿಯಲ್ಲಿ ಕಾರಿನಲ್ಲಿ ಹೊರಟರೆ ಕಾಂಡರ್‌ಸ್ಟೆಗ್‌ವರೆಗೆ ರಸ್ತೆ. ಅಲ್ಲಿ ಬೆಟ್ಟ ಅಡ್ಡ ನಿಲ್ಲುತ್ತದೆ. ಕಾರನ್ನು ರೈಲಿನ ಮೇಲೆ ಏರಿಸಿ, ತಾವು ಅದರೊಳಗೇ ಕುಳಿತು, ೧೯೧೩ರಲ್ಲಿ ತೆರೆದ ಲ್ಯೋಚ್‌ಬೆರ್ಗ್ ಸುರಂಗದ ಕತ್ತಲಲ್ಲಿ ಕಾಲುಗಂಟೆ ಪ್ರಯಾಣ ಮಾಡಿ ಆಚೆ ಇಳಿಯಬೇಕು. ಮತ್ತೆ ರಸ್ತೆ ಹಿಡಿದು ಟೇಷ್ ಎಂಬ ಊರು. ಅಲ್ಲಿಂದ ಮುಂದಕ್ಕೆ ಹೊರಗಿನ ಕಾರಿಗೆ ಪ್ರವೇಶವಿಲ್ಲ. ಜೆರ್ಮಾಟಿನಲ್ಲಿ ಓಡಾಡುವುವು ಸಣ್ಣ ವಿದ್ಯುತ್ ಬಂಡಿಗಳು. ಕಾರನ್ನು ಬಾಡಿಗೆಗೆ ನಿಲ್ಲಿಸಿ ಹನ್ನೆರಡು ನಿಮಿಷ ರೈಲಿನಲ್ಲಿಯೇ ಹೋಗಬೇಕು. ಅಂದರೆ ಕಾರಿನಲ್ಲಿ ಹೋದವನೂ ಎರಡು ಸಲ ರೈಲು ಹತ್ತಿದನು. ಎರಡು ಸಲವೂ ಬೇರೆ ಹಣ ತೆತ್ತನು. ರೈಲಿನಲ್ಲಿಯೇ ಹೋದವನು ಸ್ಪೀಟ್ಸ್, ವಿಸ್ಪ್ ಎಂಬ ಎರಡು ಕಡೆ ಬದಲಾಯಿಸಿ ಎರಡೂಕಾಲು ಗಂಟೆಯಲ್ಲಿ ಊರೊಳಗೇ ಇಳಿಯುತ್ತಾನೆ. ವೆಂಗೆನ್, ಮ್ಯೂರೆನ್ ಎಂಬ ಬೆಟ್ಟದ ಹಳ್ಳಿಗಳ ಸ್ಥಿತಿಯೂ ಇದೇ. ಮಿತ್ರರು ಈ ಲೆಕ್ಕದ ಮುಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಕಾರಿನ ಪರವಾಗಿ ಹೇಳಬೇಕಾದುದನ್ನು ಮುಚ್ಚಿಡಬಾರದು. ಲೂಟ್ಸೆರ್ನಿನಿಂದ ಇಂಟರ್‌ಲಾಕೆನ್ನಿಗೆ ರೈಲಿಗೆ ಎರಡು ಗಂಟೆಗೆ ಸ್ವಲ್ಪ ಕಡಮೆ ಬೇಕು. ಕಾರಿಗೆ ಅದಕ್ಕಿಂತ ಅರ್ಧ ಗಂಟೆಯಾದರೂ ಕಡಮೆ ಸಾಕು. ಮನೆಯ ಬಾಗಿಲಿನಿಂದ ಮನೆಯ ಬಾಗಿಲಿಗೆ ಹೋಗಬಹುದು. ಮನಸ್ಸು ಬಂದಲ್ಲಿ ನಿಲ್ಲಿಸಬಹುದು, ನಿಲ್ಲಿಸಲು ಜಾಗವಿದ್ದರೆ. ನಾಲ್ಕೈದು ಮಂದಿ ಒಟ್ಟಾಗಿ ಹೋದರೆ ತಲೆಗೆ ಬೀಳುವ ಖರ್ಚೂ ಇಳಿಯುತ್ತದೆ. ಆದರೆ ರಸ್ತೆಯ ಕಟ್ಟಳೆಗಳು ಬಿಗಿ. ಹಗಲಿನಲ್ಲಿಯೂ ದೀಪ ಹಾಕಿರಬೇಕು. ದಾಟುವ ಪಟ್ಟೆಯ ಬಳಿ ಒಬ್ಬರು ಸುಮ್ಮನೆ ನಿಂತಿದ್ದರೂ ಗಾಡಿ ನಿಲ್ಲಿಸಬೇಕು. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೆ ಮೊದಲ ಹಕ್ಕು. ಬೆಟ್ಟದ ಅಂಚೆ ರಸ್ತೆಗಳಲ್ಲಿ ಬಸ್ಸಿನ ಚಾಲಕ ಹಿಂದೆ ಸರಿ ಎಂದರೆ ಸರಿಯಲೇಬೇಕು. ನೀಲಿ ಗೆರೆಯ ಜಾಗದಲ್ಲಿ ನಿಲ್ಲಿಸಿದರೆ ಬಂದ ವೇಳೆಯನ್ನು ರಟ್ಟಿನ ಬಿಲ್ಲೆಯಲ್ಲಿ ತೋರಿಸಿ ಗಾಜಿನ ಹಿಂದೆ ಇಡಬೇಕು. ಇವು ಯಾವುವೂ ಕಷ್ಟದವಲ್ಲ. ಆದರೆ ಇವೆಲ್ಲವನ್ನೂ ಒಟ್ಟಿಗೆ, ಮೊದಲ ದಿನವೇ, ತಲೆಯಲ್ಲಿಟ್ಟುಕೊಂಡು ಎದುರಿನ ಪರ್ವತವನ್ನೂ ನೋಡಬೇಕೆಂದರೆ ಎರಡು ತಲೆ ಬೇಕು. ಫುರ್ಕಾ, ಗ್ರಿಮ್ಸೆಲ್ ಮೊದಲಾದ ಎತ್ತರದ ಕಣಿವೆಯ ದಾರಿಗಳು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿರುತ್ತವೆ ಎಂಬುದನ್ನೂ, ದಸರೆಯ ರಜೆ ಕಳೆದ ಮೇಲೆ ಹೋಗುವವರು ನೆನಪಿಡಬೇಕು.

ಹಣದ ಮಾತು. ಫ್ರಾಂಕೊಂದಕ್ಕೆ ನೂರು ರೂಪಾಯಿಯೆಂದು ಲೆಕ್ಕ ಹಿಡಿಯಿರಿ. ಈಚೆಗೆ ಅದಕ್ಕಿಂತ ಹೆಚ್ಚೇ. ಪ್ರವಾಸಿಗಳಿಗಾಗಿ ೩, ೪, ೬, ೮, ೧೫ ದಿನಗಳ ಪಾಸುಗಳಿವೆ. ಎಂಟು ದಿನದ್ದಕ್ಕೆ ಎರಡನೆಯ ತರಗತಿಯಲ್ಲಿ ನಾನೂರು ಫ್ರಾಂಕಿಗೆ ಮೇಲೆ ಆಗುತ್ತದೆ. ಕೇಳಿದೊಡನೆ ಎದೆ ಹಾರುತ್ತದೆ. ಆದರೆ ಅದರಲ್ಲಿ ರೈಲು, ಅಂಚೆಯ ಬಸ್ಸು, ಸರೋವರದ ದೋಣಿ, ಪಟ್ಟಣಗಳೊಳಗಿನ ಟ್ರಾಮು, ಐನೂರಕ್ಕೂ ಹೆಚ್ಚು ವಸ್ತುಸಂಗ್ರಹಾಲಯಗಳ ಪ್ರವೇಶ ಎಲ್ಲವೂ ಸೇರಿವೆ. ಯೂರೋಪಿನ ಮೊದಲ ಹಲ್ಲುಗಾಲಿಯ ಬೆಟ್ಟದ ರೈಲೆಂದು ಹೆಸರಾದ, ೧೮೭೧ರಲ್ಲಿ ಹುಟ್ಟಿದ ರೀಗಿಯ ರೈಲಿಗೂ ಬೇರೆ ಹಣ ಬೇಡ. ೩೪೫೪ ಮೀಟರು ಎತ್ತರದ ಯುಂಗ್‌ಫ್ರಾವ್‌ಯೋಖ್‌ಗೆ ಮಾತ್ರ ಮೇಲಿನ ಭಾಗಕ್ಕೆ ಬೇರೆ ಟಿಕೀಟು, ಕಾಲುಭಾಗ ರಿಯಾಯಿತಿಯೊಡನೆ. ಒಂದೇ ಊರಿನಲ್ಲಿ ಉಳಿದು ಅಲ್ಪಸ್ವಲ್ಪ ತಿರುಗುವವರಿಗೆ ಪಾಸಿಗಿಂತ ಒಂದು ತಿಂಗಳ ಅರ್ಧದರದ ಕಾರ್ಡು ಲಾಭಕರ. ತಂದೆತಾಯಿಗಳೊಡನೆ ಹೋಗುವ ಹದಿನಾರು ತುಂಬದ ಮಕ್ಕಳಿಗೆ ಕುಟುಂಬದ ಕಾರ್ಡನ್ನು ಕೇಳಿ ಪಡೆಯಿರಿ. ಮಕ್ಕಳ ಪ್ರಯಾಣ ಉಚಿತ. ಕೇಳದವರಿಗೆ ಯಾರೂ ಕೊಡುವುದಿಲ್ಲ.

ರೈಲೆಂದರೆ ಸುಖದ ಸುಪ್ಪತ್ತಿಗೆಯೆಂದು ಹೇಳಲಾರೆ. ೨೦೨೩ರಲ್ಲಿ ನಾವು ಎರಡನೆಯ ಸಲ ಹೋದಾಗ ಪೂರ್ತಿಯಾಗಿ ರೈಲಿನಲ್ಲಿಯೇ ತಿರುಗಿದೆವು. ಅಲ್ಲಿಯೂ ಪೆಟ್ಟು ತಿಂದು ಕಲಿತೆವು. ಇಂಟರ್‌ಲಾಕೆನ್ ಪೂರ್ವ ನಿಲ್ದಾಣದಿಂದ ಬೆಟ್ಟದ ಕಡೆಗೆ ಹೊರಡುವ ರೈಲು ನಡುದಾರಿಯಲ್ಲಿ ಎರಡು ತುಂಡಾಗುತ್ತದೆ. ಒಂದು ಭಾಗ ಲೌಟರ್‌ಬ್ರುನ್ನೆನ್ನಿಗೆ, ಇನ್ನೊಂದು ಗ್ರಿಂಡೆಲ್‌ವಾಲ್ಡಿಗೆ. ಯಾವ ಡಬ್ಬಿ ಎಲ್ಲಿಗೆಂದು ಹತ್ತುವಾಗಲೇ ನೋಡಿಕೊಳ್ಳಬೇಕು. ನಾವು ನೋಡಲಿಲ್ಲ. ೨೯೭ ಮೀಟರು ಬೀಳುವ ಸ್ಟೌಬ್‌ಬಾಖ್ ಜಲಪಾತವನ್ನು ನೋಡಹೊರಟವರು ಗ್ರಿಂಡೆಲ್‌ವಾಲ್ಡಿನಲ್ಲಿ ಇಳಿದೆವು. ನಷ್ಟವಾದುದು ಒಂದು ಗಂಟೆ. ಕಾರಿನಲ್ಲಿ ತಪ್ಪಿದುದಕ್ಕೂ ರೈಲಿನಲ್ಲಿ ತಪ್ಪಿದುದಕ್ಕೂ ಇರುವ ವ್ಯತ್ಯಾಸವನ್ನು ನನ್ನ ಹೆಂಡತಿ ಆ ಪ್ಲಾಟ್‌ಫಾರಮಿನ ಮೇಲೆ ನಿಂತು ನನಗೆ ವಿವರಿಸಿದಳು. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಇನ್ನೊಂದು ಸಂಗತಿ ಪೆಟ್ಟಿಗೆಗಳದು. ಯಾವ ಪೆಟ್ಟಿಗೆಯನ್ನು ತಾವೇ ಎತ್ತಿ ಎರಡು ಮೆಟ್ಟಿಲು ಹತ್ತಲಾರರೋ ಅದನ್ನು ಊರಿನಲ್ಲಿಯೇ ಬಿಡುವುದು ವಾಸಿ. ಅವಲಕ್ಕಿ, ಸಾರಿನ ಪುಡಿ, ಚಟ್ನಿಪುಡಿ ಇವು ಹಗುರ. ನಾಲ್ಕು ಜೊತೆ ಪಾದರಕ್ಷೆ ಭಾರ. ದಿನಕ್ಕೊಂದು ಊರು ಬದಲಾಯಿಸದೆ, ಅಡಿಗೆಮನೆಯಿರುವ ಬಿಡಾರವೊಂದನ್ನು ನಿಲ್ದಾಣದ ಬಳಿ ಹಿಡಿದು, ಐದು ದಿನ ಅಲ್ಲಿಯೇ ಇದ್ದು, ಬೆಳಗ್ಗೆ ಬರಿಗೈಯಲ್ಲಿ ಹೋಗಿ ಸಂಜೆ ಬರುವುದು ವಯಸ್ಸಾದವರಿಗೆ ಅತ್ಯುತ್ತಮ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ನಿಲ್ದಾಣಗಳೊಳಗಿನವು ಮಾತ್ರ ತೆರೆದಿರುತ್ತವೆ. ಮೊಸರಿಗಾಗಿ ನಾನು ಒಂದು ಭಾನುವಾರ ರೈಲು ಹತ್ತಿದುದುಂಟು. ಮಂಡಿನೋವಿನವರು ರೈಲು ಬದಲಾಯಿಸಲು ನಾಲ್ಕೈದು ನಿಮಿಷದ ಅಂತರವಿರುವ ದಾರಿಯನ್ನು ಆರಿಸಬಾರದು. ಅದರ ಮುಂದಿನ ರೈಲನ್ನು ಗುರಿಯಾಗಿಟ್ಟು, ಲಿಫ್ಟು ಎಲ್ಲಿದೆಯೆಂದು ಮೊದಲೇ ನೋಡಿಟ್ಟುಕೊಳ್ಳಬೇಕು. ಬಣ್ಣದ ಜಾಹೀರಾತುಗಳಲ್ಲಿ ಕಾಣುವ ಗ್ಲೇಸಿಯರ್ ಎಕ್ಸ್‌ಪ್ರೆಸ್ಸಿಗೆ ಮುಂಗಡ ಆಸನವೂ ಅದಕ್ಕೆ ಬೇರೆ ಹಣವೂ ಬೇಕು. ಅದೇ ಹಳಿಯ ಮೇಲೆ ಊರೂರಿಗೆ ನಿಲ್ಲುವ ಸಾಧಾರಣ ರೈಲುಗಳೂ ಓಡುತ್ತವೆ. ಅದೇ ಕಣಿವೆ, ಅದೇ ಸೇತುವೆ, ಬೇರೆ ಹಣವಿಲ್ಲ. ಜೊತೆಗೆ ಅಲ್ಲಿಯ ರೈತಹೆಂಗಸರ ಮುಖವನ್ನೂ ನೋಡಬಹುದು.

ಎಲ್ಲ ದೇಶಕ್ಕೂ ಈ ತೀರ್ಪು ಸಲ್ಲುವುದೇ? ಸಲ್ಲುವುದಿಲ್ಲ. ಸ್ಕಾಟ್ಲೆಂಡಿನ ಉತ್ತರದ ಬೆಟ್ಟಗಾಡಿಗೆ ಹೋಗುವವರಿಗೆ ನಾನು ಕಾರನ್ನೇ ಹೇಳುತ್ತೇನೆ. ಅಲ್ಲಿ ನಮ್ಮಂತೆಯೇ ಎಡಗಡೆ ಸಂಚಾರ. ಹಳ್ಳಿಗಾಡಿನ ಬಸ್ಸುಗಳು ಬಹಳ ವಿರಳ. ನಮ್ಮ ಲೈಸೆನ್ಸು ಬ್ರಿಟನ್ನಿನಲ್ಲಿ ಹನ್ನೆರಡು ತಿಂಗಳು ನಡೆಯುತ್ತದೆ. ಒಂದೇ ಗಾಡಿ ಹಿಡಿಸುವ ಕಿರುದಾರಿಗಳಲ್ಲಿ ಅಲ್ಲಲ್ಲಿ ಬಿಟ್ಟಿರುವ ತಂಗುಜಾಗದಲ್ಲಿ ನಿಂತು ಎದುರಿನವರಿಗೆ ದಾರಿ ಕೊಡುವ ಸಂಯಮ ಬೇಕು, ಅಷ್ಟೆ. ಆದರೆ ಲಂಡನ್ನಿನಲ್ಲಿ ಕಾರು ತೆಗೆದುಕೊಳ್ಳುವವನನ್ನು ನಾನು ತಡೆಯುವೆನು. ಅಮೆರಿಕದಲ್ಲಿ ಕೆಲವು ದೊಡ್ಡ ಪಟ್ಟಣಗಳನ್ನು ಬಿಟ್ಟರೆ ಕಾರಿಲ್ಲದೆ ಹಾಲು ತರುವುದೂ ಕಷ್ಟ. ಅಲ್ಲಿಗೆ ಹೋಗುವ ನಮ್ಮ ಹಿರಿಯರನ್ನು ಮಕ್ಕಳು ಕರೆದೊಯ್ಯುತ್ತಾರೆ, ಅದು ಬೇರೆಯ ಕಥೆ, ಅದರ ದುಃಖವೂ ಬೇರೆ.

ಮೂರನೆಯ ಸಂಜೆ ಅಕ್ಕನವರೂ ಬಂದರು. ಎಲ್ಲರ ವಾದವನ್ನೂ ಕೇಳಿ, ತಮ್ಮನ ಕಡೆ ತಿರುಗಿ ಹೇಳಿದರು: "ನೋಡಪ್ಪ, ನಿನ್ನ ಗಾಡಿಯಲ್ಲಿ ಕೂರಲು ನನಗೆ ಭಯವಿಲ್ಲ. ಆದರೆ ಈ ಊರಿನಲ್ಲಿ ನಾವು ಎಲ್ಲಿಗೆ ಹೋದರೂ ನಿನ್ನ ಬೆನ್ನನ್ನೇ ನೋಡುತ್ತ ಹೋಗಿದ್ದೇವೆ. ಒಂದು ಸಲವಾದರೂ ನೀನೂ ನನ್ನ ಎದುರಿಗೆ ಕುಳಿತುಕೋ. ಹಿಮ ಬಂದಾಗ ಇಬ್ಬರೂ ನೋಡೋಣ."

ಮಿತ್ರರು ಆ ದಿನ ಉತ್ತರ ಕೊಡಲಿಲ್ಲ. ಮರುವಾರ ಸಾರಿಗೆ ಕಚೇರಿಗೆ ಹೋಗಿ ೧೦೦೦ ರೂಪಾಯಿ ಕಟ್ಟಿ, ಒಂದು ವರ್ಷ ನಡೆಯುವ ಅಂತರರಾಷ್ಟ್ರೀಯ ಚಾಲನೆಯ ಪರವಾನಗಿಯನ್ನು ಮಾಡಿಸಿಕೊಂಡು ಬಂದರು. ಅದೇ ಸಂಜೆ ಮೂರು ಪಾಸುಗಳಿಗೂ ಹಣ ಕಟ್ಟಿದರು. "ಎರಡೂ ಏತಕ್ಕೆ?" ಎಂದು ಕೇಳಿದೆನು. "ಇರಲಿ, ರಾಯರೆ. ಬೇಕಾದರೆ ಬಿಡಬಲ್ಲೆ ಎಂಬುದು ಜೇಬಿನಲ್ಲಿರಲಿ" ಎಂದರು. ಅವರ ಮನೆಯವರು ಇದಕ್ಕೆ ಏನೂ ಹೇಳದೆ, ಲೆಕ್ಕದ ಪುಸ್ತಕದ ಕೊನೆಯ ಹಾಳೆಯನ್ನು ತೆರೆದು, ನಿಲ್ದಾಣದ ವೇಳಾಪಟ್ಟಿಗಳ ವಿಷಯ ನಾನು ಮೊದಲ ದಿನ ಹೇಳಿದ್ದುದು ಸರಿಯೇ ಎಂದು ಕೇಳಿದರು. ಸರಿಯೆಂದೆನು. ಹಾಲಿನ ಲೆಕ್ಕದ ಕೆಳಗೆ ಅವರು ಬರೆದುಕೊಂಡರು: ಹಳದಿ ಹಾಳೆ, ಹೊರಡುವುದು, ಬಿಳಿ ಹಾಳೆ, ಬರುವುದು.